ಬೆರಳಗಲ ಮಧ್ಯಾಹ್ನ

ಬೆಟಗೇರಿಯ ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಖೋಲಿಯಿಂದ
ಫ್ರಾನ್ಸಿನ ಆ ಕೆರೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ
ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ.
ಗಾಜು ಒಡೆದಿತ್ತು. ಹುಡುಗರ ಚೆಂಡು.
ಟಾಂಗಾಕೂಟದ ಹತ್ತಿರ ಖತಾಲಸಾಬರ ಅಂಗಡಿ:
ಗೋಡೆ ತುಂಬ ದೇವರು, ಲಗ್ನ, ತೀರಿಕೊಂಡವರು,
ಎಲ್ಲರಿಗೂ ಒಂದೇ ಬಂಗಾರದ ಪಟ್ಟಿ.

'ಯಾವೂರ ಕೆರೀರಿ ಟೀಚರ?'
ಫ್ರಾನ್ಸಿನದು ಅಂದೆ.
'ನಮ್ಮ ಭೀಷ್ಮ ಕೆರೀಕಿಂತ ಸಣ್ಣದೈತಿ ಬಿಡ್ರಿ.'

ಚಿತ್ರ ಇಷ್ಟೇ: ನೀಲಿ.
ನೀಲಿಯೊಳಗೆ ಇನ್ನಷ್ಟು ನೀಲಿ.
ಎತ್ತರದ ನಾಲ್ಕು ಮರ,
ಗಾಳಿ ಒಂದೇ ಕಡೆಗೆ ಬಾಚಿದ ಎಲೆ.
ದಂಡೆಗೊಂದು ದೋಣಿ, ಖಾಲಿ.
ಅದರ ಹಗ್ಗ ಬಲಗಡೆ ಹೋಗಿ ಹೋಗಿ
ಚೌಕಟ್ಟಿನಡಿ ಕಾಣೆ.

ಎಂಟನೇ ಇಯತ್ತೆಯಲ್ಲಿ ಹೊಂಬಳ ಸರ್
ಇದರ ಮುಂದೆಯೇ ನಮಗೆ ಬರೆಸುತ್ತಿದ್ದರು.
ನೀಲಿ ಅಂದರೆ ಅಗಲಿಕೆ, ಬರಕೊಳ್ರಿ.
ಖಾಲಿ ದೋಣಿ ಅಂದರೆ ಹೋದ ಜೀವ, ಅಡಿಗೆರೆ ಎಳೀರಿ.
ಹಗ್ಗ ಅಂದರೆ...
ಇಲ್ಲಿಗೆ ಬಂದಾಗ ಸರ್ ಕಿಟಕಿಯ ಕಡೆ ತಿರುಗುತ್ತಿದ್ದರು,
ಗಂಟೆ ಆಗುತ್ತಿತ್ತು.
ಹಗ್ಗದ ಅರ್ಥ ನಮ್ಮ ಯಾರ ವಹಿಯಲ್ಲೂ ಇಲ್ಲ.

ಮುಂದೆ ಅದೇ ಖೋಲಿಗೆ ನಾನೇ ಟೀಚರಾಗಿ ಬಂದು
ಹನ್ನೊಂದು ವರ್ಷ ಅದೇ ಅಗಲಿಕೆ ಬರೆಸಿದೆ.
ಹೋದ ಸಲ ತುಳಜಾ ಬಾಕಳೆ, ನೇಕಾರರ ಹುಡುಗಿ,
ಎದ್ದು ನಿಂತು ಕೇಳಿದ್ದಳು:
'ಟೀಚರ, ಇದು ಬಣ್ಣಾ ಬಿಟ್ಟೈತೇನ್ರಿ?
ಬಿಸಲಾಗ ಮರತಬಿಟ್ಟ ಸೀರಿ ಹಿಂಗ ಆಗತಾವು.'
ಚಿತ್ರ ಅಂದರೆ ಸೀರೆಯಲ್ಲ, ಕೂಡು, ಅಂದಿದ್ದೆ.

ಖತಾಲಸಾಬರು ಚಿತ್ರವನ್ನು ಬೋರಲು ಹಾಕಿ
ತುಕ್ಕು ಮೊಳೆಗಳನ್ನು ಇಕ್ಕಳದಲ್ಲಿ ಕಿತ್ತು
ಚಹಾದ ಬಸಿಯೊಳಗೆ ಒಂದೊಂದೇ ಹಾಕಿದರು. ಟಿಣ್. ಟಿಣ್.
ಪಟ್ಟಿ ಬಿಚ್ಚಿತು.
ನಾಲ್ಕೂ ಅಂಚಿಗೆ ಬೆರಳಗಲ
ಹಳದಿ.
ಕುಸುಬಿ ಹೂವಿನಂಥ ಹಳದಿ,
ಎಳೆ ಕಡಲೆಗಿಡದ ಹಸಿರು,
ನೆರಳು ಕಾಲಡಿಗೇ ಮುದುಡಿದ ಹೊತ್ತು.
ಸುಡುಸುಡು ಮಧ್ಯಾಹ್ನ.
ಬಲಗಡೆ, ಹಗ್ಗ ಮುಗಿಯುವಲ್ಲಿ,
ಹೆಬ್ಬೆರಳಿನ ಉಗುರಿನಷ್ಟು ಒಬ್ಬ ಮನುಷ್ಯ!
ಕೆಂಪು ಟೊಪ್ಪಿಗೆ. ಮರಕ್ಕೆ ಬೆನ್ನು ಕೊಟ್ಟು
ಹಗ್ಗವನ್ನು ಮೊಣಕಾಲಿಗೆ ಸುತ್ತಿಕೊಂಡು
ಏನೋ ತಿನ್ನುತ್ತ ಕೂತಿದ್ದಾನೆ.

'ಬಿಸಲಿಗೆ ಕೆಂಪು, ಹಳದಿ ಮದಲ ಹೋಗತಾವ್ರಿ. ನೀಲಿ ಗಟ್ಟಿ.
ಈ ಪಟ್ಟಿ ನಮ್ಮಪ್ಪ ಹೊಡದದ್ದು.
ಅಂವಾ ಅಗಲ ಹೊಡೀತಿದ್ದ. ಪಾಪ, ಮನಷಾ ಮುಚ್ಚಿಹ್ವಾದ.'

ಪಡುವಲ ಕಿಟಕಿ. ಮೂರರಿಂದ ಐದು.
ನಲವತ್ತು ವರ್ಷ ಗದಗಿನ ಬಿಸಿಲು ದಿನಾ ಬಂದು
ಫ್ರಾನ್ಸಿನ ಒಂದು ಮಧ್ಯಾಹ್ನವನ್ನು ಸಂಜೆ ಮಾಡಿದೆ,
ಸಹಿ ಹಾಕದೆ.

ಹಾಗಾದರೆ ಅವ್ವ ಹೋದ ವರ್ಷ
ಖೋಲಿಯ ಬಾಗಿಲು ಹಾಕಿಕೊಂಡು
ಈ ದೋಣಿಯ ಮುಂದೆ ಅತ್ತೆನಲ್ಲ,
ಅದನ್ನು ಯಾರ ಲೆಕ್ಕಕ್ಕೆ ಬರೆಯಲಿ?
ಇವ ಇಲ್ಲೇ ಇದ್ದನಲ್ಲ, ಬೆರಳಗಲ ಆಚೆ,
ರೊಟ್ಟಿ ತಿನ್ನುತ್ತ.
ಸುಳ್ಳಿಗೆ ಅತ್ತೆ ಅನ್ನಲಿಕ್ಕೂ ಬಾಯಿ ಬರುತ್ತಿಲ್ಲ.

'ಅಂಚು ಕತ್ತರಸಲೇನ್ರಿ? ಇಲ್ಲಾ ಮುಚ್ಚಲೇನ್ರಿ?
ಎರಡೂ ಬಣ್ಣಾ ಒಂದಕ್ಕೊಂದು ಕೂಡಂಗಿಲ್ಲ.'
ಕೂಡುವುದು ಬೇಡ, ಸಣ್ಣ ಪಟ್ಟಿ ಹಾಕ್ರಿ ಅಂದೆ.
ಅವ ಕಾಣಲಿ.

'ಹಂಗಂದ್ರ ಬ್ಯಾರೆ ಗ್ವಾಡಿಗೆ ಹಾಕ್ರಿ, ಇಲ್ಲಂದ್ರ ಇಂವಾನೂ ನೀಲಿ ಆಗತಾನ.'
ಎಷ್ಟು ವರ್ಷಕ್ಕೆ?
'ನಲವತ್ತು ಹಿಡಿಯಂಗಿಲ್ರಿ. ಈಗಿನ ಬಿಸಲು.'

ಬೇರೆ ಗೋಡೆಗೆ ಕಪಾಟುಗಳಿವೆ.
ಸೋಮವಾರ ತುಳಜಾಳನ್ನು ಮೊದಲು ಕರೆಯಬೇಕು.
ಸರ್ ಮನೆಗೆ ಹೋಗುವುದು, ನೋಡೋಣ.

ಮುನ್ನೂರು ಮುಂಗಡ ಕೊಟ್ಟೆ.
ಖತಾಲಸಾಬರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು
ಚೀಟಿಯಲ್ಲಿ, 'ಲಗ್ನ ಮೂರು, ಬಸವಣ್ಣ ಎರಡು' ಇದ್ದದ್ದರ ಕೆಳಗೆ,
ಬರೆದುಕೊಂಡರು:
ಕೆರಿ, ಒಂದು.